ಪ್ಲೇಸ್ಟೇಷನ್‌ಗೆ ಚಿಪ್ ಕೂರಿಸುತ್ತಿದ್ದ ಕಾಲ

ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಬಳಿ ಟಿವಿ ರಿಪೇರಿ ಮಾಡುತ್ತಿದ್ದ ನಾನು, ಗಿರಾಕಿಗಳ ಒತ್ತಾಯದಿಂದಾಗಿ ಸೋನಿಯ ವಿಡಿಯೊ ಗೇಮ್ ಯಂತ್ರವಾದ ಪ್ಲೇಸ್ಟೇಷನ್‌ಗೆ ಮಾಡ್ ಚಿಪ್, ಅಂದರೆ ನಕಲು ಸಿಡಿಯನ್ನೂ ಓಡಿಸುವಂತೆ ಮಾಡುವ ಪುಟ್ಟ ಚಿಪ್, ಕೂರಿಸುವ ಕೆಲಸಕ್ಕೆ ಇಳಿದೆ. ಆ ಯಂತ್ರಗಳು ಬಹುಪಾಲು ವಿದೇಶದಿಂದ ಬರುವ ಬಂಧುಗಳ ಸೂಟ್‌ಕೇಸಿನಲ್ಲಿ ಬರುತ್ತಿದ್ದವು. ಅಸಲಿ ಆಟದ ಸಿಡಿ ಇಲ್ಲಿ ಸಿಗುವುದೇ ಅಪರೂಪವಾಗಿತ್ತು, ಸಿಕ್ಕರೂ ಸಾವಿರಗಳ ಬೆಲೆ. ನ್ಯಾಷನಲ್ ಮಾರ್ಕೆಟ್‌ನಲ್ಲಿ ಕಾಪಿ ಸಿಡಿ ನೂರು ರೂಪಾಯಿಯ ಆಸುಪಾಸಿಗೆ ಸಿಗುತ್ತಿತ್ತು. ಆದರೆ ಚಿಪ್ ಇಲ್ಲದ ಯಂತ್ರ ಅದನ್ನು ಒಪ್ಪುತ್ತಿರಲಿಲ್ಲ.

ಸಿಡಿಯ ಅಡಿಭಾಗ ಕಪ್ಪಾಗಿರುವುದೇ ಅದರ ಬೀಗವೆಂದು ಅನೇಕರು ನಂಬಿದ್ದರು. ಆ ಬಣ್ಣಕ್ಕೂ ರಕ್ಷಣೆಗೂ ಸಂಬಂಧವಿರಲಿಲ್ಲ. ನಿಜವಾದ ಗುರುತು ಇದ್ದದ್ದು ಸಿಡಿಯ ಒಳಅಂಚಿನಲ್ಲಿ: ಅಲ್ಲಿ ಟ್ರ್ಯಾಕ್, ಅಂದರೆ ಲೇಸರ್ ಓದುವ ಸುರುಳಿ ಗೆರೆ, ಅತಿ ಸೂಕ್ಷ್ಮವಾಗಿ ಅತ್ತಿತ್ತ ಬಳುಕುತ್ತಿತ್ತು, ಆ ಬಳುಕಿನಲ್ಲಿ ಜಪಾನಿನದಾದರೆ ಎಸ್‌ಸಿಇಐ, ಅಮೆರಿಕದ್ದಾದರೆ ಎಸ್‌ಸಿಇಎ, ಯುರೋಪಿನದಾದರೆ ಎಸ್‌ಸಿಇಇ ಎಂಬ ನಾಲ್ಕು ಅಕ್ಷರಗಳು ಅಡಗಿರುತ್ತಿದ್ದವು. ತನ್ನ ಪ್ರದೇಶದ ಅಕ್ಷರಗಳು ಸಿಗದಿದ್ದರೆ ಯಂತ್ರ ಆ ಸಿಡಿಯನ್ನು ಓಡಿಸುತ್ತಿರಲಿಲ್ಲ. ಸಿಡಿ ರೈಟರ್ ದತ್ತಾಂಶವನ್ನು ಎಷ್ಟು ನಿಖರವಾಗಿ ನಕಲು ಮಾಡಿದರೂ ಟ್ರ್ಯಾಕನ್ನು ಹಾಗೆ ಬಳುಕಿಸಲಾರದು, ಏಕೆಂದರೆ ಖಾಲಿ ಸಿಡಿಯ ಗೀರು ಕಾರ್ಖಾನೆಯಲ್ಲೇ ರೂಪುಗೊಂಡಿರುತ್ತದೆ. ಇಷ್ಟು ಜಾಣತನದಿಂದ ಸಿಡಿಯನ್ನು ಕಾಪಾಡಿದವರು ಯಂತ್ರದೊಳಗೆ ಆ ಅಕ್ಷರಗಳನ್ನು ತೆರೆದ ತಂತಿಯಲ್ಲೇ ಸಾಗಲು ಬಿಟ್ಟಿದ್ದರು.

ಚಿಪ್ ಮಾಡುತ್ತಿದ್ದುದು ಅದರ ಲಾಭ ಪಡೆಯುವ ಕೆಲಸ. ಎಂಟು ಕಾಲಿನ ಒಂದು ಪಿಐಸಿ ಮೈಕ್ರೊಕಂಟ್ರೋಲರ್ (ಪ್ರೋಗ್ರಾಂ ತುಂಬಬಹುದಾದ ಪುಟ್ಟ ಕಂಪ್ಯೂಟರ್ ಚಿಪ್), ನಾಲ್ಕು ತಂತಿ: ವಿದ್ಯುತ್ತಿಗೆ ಒಂದು, ಗ್ರೌಂಡಿಗೆ ಒಂದು, ಡ್ರೈವ್‌ನಿಂದ ಬರುವ ಅಸಲಿ ಸಂಕೇತವನ್ನು ಅದುಮಲು ಒಂದು, ಆ ಜಾಗದಲ್ಲಿ ನಾಲ್ಕು ಅಕ್ಷರಗಳನ್ನು ಕಳುಹಿಸಲು ಇನ್ನೊಂದು. ಬೋರ್ಡಿನ ಆವೃತ್ತಿ ಬದಲಾದರೆ ಬೆಸುಗೆಯ ಬಿಂದುಗಳೂ ಬದಲಾಗುತ್ತಿದ್ದುದರಿಂದ, ಮೊದಲು ಬೋರ್ಡಿನ ಮೇಲಿನ ಸಂಖ್ಯೆ ಓದಿಕೊಂಡು, ತೆಳುವಾದ ತುದಿಯ ಐರನ್‌ನಿಂದ ಕ್ಷಣಮಾತ್ರ ಮುಟ್ಟಿಸುತ್ತಿದ್ದೆ. ಹೆಚ್ಚು ಹೊತ್ತು ಬಿಸಿ ತಾಗಿದರೆ ತಾಮ್ರದ ಪದರವೇ ಕಿತ್ತುಬರುತ್ತದೆ.

ಮುಂದೆ ಬಂದ ಕೆಲವು ಆಟಗಳು ಚಿಪ್ಪನ್ನೇ ಹುಡುಕತೊಡಗಿದವು. ಅಕ್ಷರಗಳು ಬರಬಾರದ ಹೊತ್ತಿನಲ್ಲೂ ಬಂದರೆ ಆಟ ನಿಲ್ಲುತ್ತಿತ್ತು. ಅದಕ್ಕೆ ಉತ್ತರವಾಗಿ ಕೆಲಸ ಮುಗಿದೊಡನೆ ಮೌನವಾಗುವ ಸ್ಟೆಲ್ತ್ ಚಿಪ್‌ಗಳು ಬಂದವು. 2000ರಲ್ಲಿ ಬಂದ ಸ್ಪೈರೊ: ಇಯರ್ ಆಫ್ ದ ಡ್ರ್ಯಾಗನ್ ಎಂಬ ಆಟ ಇನ್ನೂ ಮುಂದೆ ಹೋಗಿತ್ತು. ಅದರ ರಕ್ಷಣೆಯನ್ನು ಅರೆಬರೆಯಾಗಿ ಮುರಿದ ಪ್ರತಿಗಳಲ್ಲಿ ಆಟ ನಡೆಯುತ್ತಲೇ ಗಳಿಸಿದ ರತ್ನಗಳೂ ಮೊಟ್ಟೆಗಳೂ ಮಾಯವಾಗುತ್ತಿದ್ದವು. ಅಂಥ ಸಿಡಿ ಕೊಂಡವರು ಚಿಪ್ ಕೆಟ್ಟಿದೆಯೆಂದು ನನ್ನ ಬಳಿ ಬರುತ್ತಿದ್ದರು. ಆ ರಕ್ಷಣೆಯನ್ನು ಬರೆದವರ ಬುದ್ಧಿಯನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಆ ಮಾರುಕಟ್ಟೆಯನ್ನು ಕಳ್ಳತನ ಎಂದಷ್ಟೇ ಕರೆದರೆ ವಿಷಯ ಅರ್ಧಕ್ಕೇ ನಿಲ್ಲುತ್ತದೆ. ನಕಲು ಮಾರಿದವರಿಂದ ಆಟ ಕಟ್ಟಿದವರಿಗೆ ಒಂದು ಪೈಸೆಯೂ ಸೇರಲಿಲ್ಲ, ಅದು ಅನ್ಯಾಯವೇ. ಆದರೆ ಅಮೆರಿಕದ ಯಂತ್ರದಲ್ಲಿ ಜಪಾನಿನ ಅಸಲಿ ಸಿಡಿಯನ್ನು ಆಡಲು ಬಯಸಿದವನಿಗೂ ಅದೇ ಚಿಪ್ ಬೇಕಾಗಿತ್ತು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಇಂಥ ತಾಂತ್ರಿಕ ರಕ್ಷಣೆಯನ್ನು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಎರಡು ವರ್ಷದವರೆಗೆ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. ಉದ್ದೇಶ ಎಂಬ ಅಂಶವನ್ನು ಅಲ್ಲಿ ಸೇರಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಇಂದು ನನ್ನ ಬಳಿ ಬರುವ ಹಳೆಯ ಯಂತ್ರಗಳಲ್ಲಿ ಮೊದಲು ಸೋಲುವುದು ಲೇಸರ್. ಸಿಡಿ ಡ್ರೈವ್ ತೆಗೆದು, ಮೆಮೊರಿ ಕಾರ್ಡಿನಿಂದ ಓದುವ ಬೋರ್ಡನ್ನು ಕೂರಿಸಿ, ಮಾಲೀಕರ ಬಳಿಯೇ ಇರುವ ಸಿಡಿಗಳನ್ನು ಅದಕ್ಕೆ ಇಳಿಸಿಕೊಡುತ್ತೇನೆ.