ರ್‍ಯಾಮ್ ಹೊಂದದಿದ್ದರೆ ಪತ್ತೆ ಹಚ್ಚುವುದು ಹೇಗೆ?

ರ್‍ಯಾಮ್ ಹೆಚ್ಚಿಸಿದ ಬಳಿಕ ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ ಕಾಣಿಸತೊಡಗಿದರೆ ಬಹಳ ಮಂದಿ ಮೊದಲು ವಿಂಡೋಸ್ ಅಳಿಸಿ ಹೊಸದಾಗಿ ಹಾಕುತ್ತಾರೆ. ಆದರೆ ಆಗಲೂ ದೋಷವಿರುವ ರ್‍ಯಾಮ್ ಮೂಲಕ ಹಾದುಹೋದ ಕಡತಗಳು ಹಾಗೆಯೇ ಕೆಟ್ಟು ಡಿಸ್ಕ್ ಸೇರಬಹುದು. ಆದ್ದರಿಂದ ಯಂತ್ರಾಂಶ ಮೊದಲು.

ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ, ರ್‍ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಸೆಟ್ಟಿಂಗನ್ನು ಆಫ್ ಮಾಡಿ. ಡಿಡಿಆರ್4 ರ್‍ಯಾಮ್‌ನ ಪೊಟ್ಟಣದ ಮೇಲೆ ಅಚ್ಚಾಗಿರುವ 3600ರಂಥ ವೇಗ ವಾಸ್ತವವಾಗಿ ಓವರ್‌ಕ್ಲಾಕ್, ಅಂದರೆ ಪ್ರಮಾಣಿತ ಮಿತಿಗಿಂತ ಹೆಚ್ಚಿನ ವೇಗ. ಅದನ್ನು ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಎರಡೂ ತಾಳಬೇಕು. ಆಫ್ ಮಾಡಿದಾಗ ತೊಂದರೆ ನಿಂತರೆ ರ್‍ಯಾಮ್ ಕೆಟ್ಟಿರುವ ಸಾಧ್ಯತೆ ಕಡಿಮೆ. 3200ಕ್ಕೆ ಇಳಿಸಿ ಬಳಸಿ. ವೋಲ್ಟೇಜ್ ಏರಿಸಿ ಎನ್ನುವ ವೀಡಿಯೊಗಳನ್ನು ನಂಬಬೇಡಿ.

ನಿಲ್ಲಲಿಲ್ಲವೇ? ಹೆಚ್ಚಿನವರು ಎಡವುವುದು ಇಲ್ಲೇ. ವಿದ್ಯುತ್ ತಂತಿ ಕಳಚಿ, ಪವರ್ ಗುಂಡಿಯನ್ನು ಒಮ್ಮೆ ಒತ್ತಿ, ಕೇಸ್‌ನ ಬರಿ ಲೋಹ ಮುಟ್ಟಿ, ಎಲ್ಲ ರ್‍ಯಾಮ್ ಸ್ಟಿಕ್‌ಗಳನ್ನೂ ತೆಗೆಯಿರಿ. ಒಂದನ್ನು ಮಾತ್ರ ಮದರ್‌ಬೋರ್ಡ್ ಕೈಪಿಡಿ ಹೇಳುವ ಸ್ಲಾಟ್‌ಗೆ ಹಾಕಿ. ನಾಲ್ಕು ಸ್ಲಾಟ್‌ಗಳ ಬೋರ್ಡ್‌ನಲ್ಲಿ ಅದು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯದು, ಅಂದರೆ ಎ2. ಕೊಂಡಿ ‘ಟಕ್’ ಎನ್ನುವವರೆಗೆ ಒತ್ತಿ. ಹೊಸ ತಲೆಮಾರಿನ ಡಿಡಿಆರ್5 ರ್‍ಯಾಮ್ ಆದರೆ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡ್ ರ್‍ಯಾಮ್‌ನೊಂದಿಗೆ ಹೊಂದಾಣಿಕೆ ಮಾಡಿಕೊಳ್ಳುತ್ತಿರುತ್ತದೆ, ಗಾಬರಿಯಿಂದ ಸ್ವಿಚ್ ಆರಿಸಬೇಡಿ. ನಂತರ ಪೆನ್‌ಡ್ರೈವ್‌ನಿಂದ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಚಾಲನೆ ಮಾಡಿ, ಅದರ ಪರೀಕ್ಷೆಯ ನಾಲ್ಕೂ ಸುತ್ತು ಮುಗಿಯಲು ಬಿಡಿ. ಒಂದೇ ಒಂದು ದೋಷ ಬಂದರೂ ಅದು ದೋಷವೇ. ವಿಂಡೋಸ್‌ನಲ್ಲೇ ಇರುವ ಪರೀಕ್ಷೆಯನ್ನು ನಾನು ನೆಚ್ಚುವುದಿಲ್ಲ. ಕೆಟ್ಟ ಸ್ಟಿಕ್ ಅದರಲ್ಲಿ ಸಲೀಸಾಗಿ ಪಾಸಾಗಬಲ್ಲದು.

ಎರಡನೆಯ ಸ್ಟಿಕ್ಕನ್ನು ಅದೇ ಸ್ಲಾಟ್‌ನಲ್ಲಿ ಪರೀಕ್ಷಿಸಿ. ಸ್ಟಿಕ್, ಸ್ಲಾಟ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದೆಂದು ತಿಳಿಯುವುದೇ ಇಲ್ಲ. ಪಾಸಾದ ಸ್ಟಿಕ್ ಇನ್ನೊಂದು ಸ್ಲಾಟ್‌ನಲ್ಲಿ ಮಾತ್ರ ದೋಷ ತೋರಿದರೆ ಸ್ಲಾಟನ್ನು ಅಥವಾ ಪ್ರೊಸೆಸರ್ ಸಾಕೆಟ್‌ನ ಬಾಗಿದ ಪಿನ್ನನ್ನು ಅನುಮಾನಿಸಿ. ಚಿನ್ನದ ಲೇಪವಿರುವ ಅಂಚನ್ನು ರಬ್ಬರ್‌ನಿಂದ ತಿಕ್ಕುವ ಚಾಳಿ ಬೇಡ, ಲೇಪ ಸವೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆ ಸಾಕು.

ಬಿಡಿಯಾಗಿ ಎಲ್ಲವೂ ಪಾಸಾಗಿ, ಜೊತೆಗೂಡಿದಾಗ ಮಾತ್ರ ಕೆಟ್ಟರೆ ಅದು ಹೊಂದಾಣಿಕೆಯ ಸಮಸ್ಯೆ. ಹಳೆಯದರ ಪಕ್ಕಕ್ಕೆ ಬೇರೆಯಾಗಿ ಕೊಂಡದ್ದನ್ನು ಸೇರಿಸಿದವರಿಗೆ ಇದು ಹೆಚ್ಚು. ಮಾದರಿ ಸಂಖ್ಯೆ ಒಂದೇ ಆಗಿದ್ದರೂ ಒಳಗಿನ ಚಿಪ್ ಬೇರೆಯಾಗಿರಬಹುದು. ಜೋಡಿಯಾಗಿಯೇ ಮಾರುವ ಕಿಟ್ ಕೊಳ್ಳಿ. ಅದು ಬೋರ್ಡ್ ತಯಾರಕರು ಪರೀಕ್ಷಿಸಿದ ರ್‍ಯಾಮ್‌ಗಳ ಪಟ್ಟಿಯಲ್ಲಿ ಇದೆಯೇ ನೋಡಿ. ಡಿಡಿಆರ್5ರಲ್ಲಿ ನಾಲ್ಕು ಸ್ಟಿಕ್ ತುಂಬುವ ಆಸೆ ಬಿಡಿ, ದೊಡ್ಡ ಗಾತ್ರದ ಎರಡೇ ಇರಲಿ.

ಬಯೋಸ್ ಅಪ್‌ಡೇಟ್‌ನಿಂದಲೂ ಕೆಲವೊಮ್ಮೆ ಸರಿಹೋಗುತ್ತದೆ. ಆದರೆ ಅದನ್ನು ಪಾಸಾದ ಒಂದೇ ಸ್ಟಿಕ್ ಹಾಕಿ, ಎಕ್ಸ್‌ಎಂಪಿ ಆಫ್ ಇರುವಾಗ ಮಾಡಿ. ನಡುವೆ ಕಂಪ್ಯೂಟರ್ ಸ್ಥಗಿತಗೊಂಡರೆ ಬೋರ್ಡೇ ಕೆಟ್ಟು ಹೋದೀತು.