ಸಹ್ಯಾದ್ರಿಯ ಗುಡ್ಡದಲ್ಲಿ ಬೆಂಕಿ ರೇಖೆ: ಊರವರ ಜೊತೆ ಸೇರಿ ಮಾಡುವ ಕ್ರಮ

ಮಳೆ ಹಿಡಿಯಿತೆಂದರೆ ಪುಣೆಯ ಕನ್ನಡ ಬಳಗಗಳಲ್ಲೂ ಗಿಡ ನೆಡುವ ಹುರುಪು ಏಳುತ್ತದೆ. ಮುಳಶಿ, ವೇಲ್ಹೆ, ಭೋರ್ ಕಡೆ ಬಸ್ಸು ಮಾಡಿಕೊಂಡು ಹೋಗಿ ಸಸಿ ನೆಟ್ಟು ಬರುವವರು ಬಹಳ. ಆದರೆ ಅಲ್ಲಿಯ ಎಷ್ಟೋ ಗುಡ್ಡಗಳಿಗೆ ಸಸಿಯ ಕೊರತೆ ಇಲ್ಲ. ಕಡಿದ ಮರಗಳ ಬುಡ ನೆಲದೊಳಗೆ ಜೀವ ಹಿಡಿದು ಕೂತಿರುತ್ತದೆ, ಮಳೆಗೆ ಚಿಗುರುತ್ತದೆ, ಬೇಸಿಗೆಯ ಬೆಂಕಿಗೆ ಮತ್ತೆ ಸುಟ್ಟುಹೋಗುತ್ತದೆ. ನಾಲ್ಕೈದು ವರ್ಷ ಬೆಂಕಿ ಬೀಳದಂತೆ ನೋಡಿಕೊಂಡರೆ ಅಂಥ ಗುಡ್ಡ ತಾನಾಗಿಯೇ ಕಾಡಾಗತೊಡಗುತ್ತದೆ. ಅದಕ್ಕೆ ಬೇಕಾದದ್ದು ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲು, ತರಗು ತೆಗೆದು ಬೋಳು ಮಾಡಿದ ಪಟ್ಟಿ. ಬೆಂಕಿ ಬಿದ್ದರೆ ಮರ, ತರಗಿನಲ್ಲಿ ಕೂಡಿದ ಇಂಗಾಲ ಗಾಳಿಗೆ ಸೇರುತ್ತದೆ. ಬೋಳಾದ ಇಳಿಜಾರಿನ ಮೇಲ್ಮಣ್ಣು ಮೊದಲ ಮಳೆಗೇ ಕೊಚ್ಚಿಕೊಂಡು ಪಾನಶೇತ್, ವರಸಗಾವ್, ಟೇಮಘರ್ ಜಲಾಶಯಗಳ ತಳ ಸೇರುತ್ತದೆ. ನಮ್ಮ ಮನೆಯ ನಲ್ಲಿಗೆ ನೀರು ಬರುವುದೂ ಅಲ್ಲಿಂದಲೇ.

ಕತ್ತಿ ಹಿಡಿಯುವ ಮೊದಲು ಜಾಗ ಯಾರದು ಎಂದು ತಿಳಿಯಿರಿ. ಅರಣ್ಯ ಇಲಾಖೆಯದಾದರೆ ಆ ಭಾಗದ ವನರಕ್ಷಕರ ಮೂಲಕ ಇಲಾಖೆಯ ಒಪ್ಪಿಗೆ ಬೇಕು. ದೇವರಾಯಿ ಆಗಿದ್ದರೆ (ನಮ್ಮ ಕೊಡಗಿನ ದೇವರಕಾಡಿನಂಥದ್ದು) ಊರ ಹಿರಿಯರನ್ನೂ ಪೂಜಾರಿಯನ್ನೂ ಕೇಳಿ. ಈ ಭಾಗದ ದೇವರಾಯಿಗಳನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಸ್ಯವಿಜ್ಞಾನಿ ವಿ. ಡಿ. ವರ್ತಕ್ 1970ರ ದಶಕದಲ್ಲಿ ಅಧ್ಯಯನ ಮಾಡಿದ್ದರು. ಅವು ಇಂದಿಗೂ ಸುತ್ತಲಿನ ಗುಡ್ಡಕ್ಕೆ ಬೀಜ ಕೊಡುವ ತಾಯಿಕಾಡುಗಳು. ಮಹಾದೇವ ಕೋಳಿ, ಕಾತಕರಿ ಎಂಬ ಆದಿವಾಸಿ ಸಮುದಾಯಗಳ ಕುಟುಂಬಗಳಿರುವ ಊರಾದರೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಾಮುದಾಯಿಕ ಅರಣ್ಯ ಸಂಪನ್ಮೂಲದ ಹಕ್ಕಿಗೆ (ಊರು ತನ್ನ ಕಾಡನ್ನು ತಾನೇ ಕಾಯ್ದು ನೋಡಿಕೊಳ್ಳುವ ಹಕ್ಕು) ಗ್ರಾಮಸಭೆಯೇ ನಮೂನೆ ‘ಸಿ’ಯಲ್ಲಿ ಅರ್ಜಿ ಹಾಕಬಹುದು. ಅದರ ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ, ಅವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಂಗಸರು. ಹಕ್ಕು ಕೈಗೆ ಬಂದ ಊರು ಕಾಡನ್ನು ಕಾಯುವ ರೀತಿಯೇ ಬೇರೆ. ಪೇಟೆಯಿಂದ ಹೋದವರು ಕಾಗದಪತ್ರಕ್ಕೆ ನೆರವಾಗಿ, ಯಜಮಾನಿಕೆ ಮಾಡಬೇಡಿ.

ಊರಿನ ಬೈಠಕ್ ಭತ್ತದ ಕೊಯ್ಲು ಮುಗಿದ ಮೇಲೆ ಇಟ್ಟುಕೊಳ್ಳಿ, ಅದಕ್ಕೆ ಮುಂಚೆ ಯಾರಿಗೂ ಪುರುಸೊತ್ತಿರುವುದಿಲ್ಲ. ಅಲ್ಲಿ ಮೂರು ಸಂಗತಿ ತೀರ್ಮಾನವಾಗಲಿ: ರೇಖೆ ಎಲ್ಲಿ ಹಾಯಬೇಕು, ಕೊಯ್ದ ಹುಲ್ಲು ಯಾರಿಗೆ, ಕೂಲಿ ಎಷ್ಟು. ಕಾಯುವವರಿಗೇ ಹುಲ್ಲು ಸಿಗಬೇಕು. ದನಗಾಹಿಗಳನ್ನು ಹೊರಗಿಟ್ಟು ಮಾಡಿದ ಒಪ್ಪಂದ ನಿಲ್ಲುವುದಿಲ್ಲ. ಹೊಸ ಹುಲ್ಲು ಬೇಗ ಬರಲೆಂದು ಗುಡ್ಡಕ್ಕೆ ಬೆಂಕಿ ಇಡುವ ರೂಢಿ ಇನ್ನೂ ಇದೆ, ಮೇವಿಗೆ ಬೇರೆ ದಾರಿ ಕಾಣದೆ ಅದು ಬಿಡುವುದಿಲ್ಲ.

ರೇಖೆ ಹಾಯಿಸಲು ಗುಡ್ಡದ ನೆತ್ತಿ, ಕಾಲುದಾರಿ, ರಸ್ತೆಯಂಚು, ಹಳ್ಳದ ದಂಡೆ ಒಳ್ಳೆಯ ಜಾಗ. ಇಳಿಜಾರಿನ ನಡುವೆ ಅಡ್ಡಡ್ಡ ಹಾಕಿದರೆ ಉರಿಯುವ ಕೊರಡು ಮೇಲಿನಿಂದ ಉರುಳಿ ಬಂದು ದಾಟಿಬಿಡುತ್ತದೆ. ಕಾಲುದಾರಿಗುಂಟ 3 ಮೀಟರ್, ರಸ್ತೆಯಂಚಿನಲ್ಲೂ ನೆತ್ತಿಯಲ್ಲೂ 6 ಮೀಟರ್ ಅಗಲ ಇರಲಿ. ಹುಲ್ಲು ಹಳದಿಗೆ ತಿರುಗಿ ಬುಡದಲ್ಲಿ ಸ್ವಲ್ಪ ಹಸಿ ಉಳಿದಿರುವಾಗ, ನವೆಂಬರ್‌–ಡಿಸೆಂಬರಿನಲ್ಲಿ, ಕುಡುಗೋಲಿನಿಂದ ನೆಲಮಟ್ಟಕ್ಕೆ ಕೊಯ್ಯಿರಿ. ಮೊದಲೇ ಕೊಯ್ದರೆ ಮತ್ತೆ ಚಿಗುರುತ್ತದೆ, ತಡವಾದರೆ ಮುರಿದು ಉದುರಿ ರೇಖೆಯಲ್ಲೇ ಉಳಿಯುತ್ತದೆ. ಕೊಯ್ದದ್ದನ್ನು ಅಂಚಿನಲ್ಲಿ ರಾಶಿ ಹಾಕುವುದು ದೊಡ್ಡ ತಪ್ಪು, ಬೆಂಕಿಗೆ ಅದೇ ಮೆಟ್ಟಿಲು. ಹೊರೆ ಕಟ್ಟಿ ಊರಿಗೆ ಸಾಗಿಸಿ. ರೇಖೆಯನ್ನು ಸುಟ್ಟು ಬೋಳು ಮಾಡುವ ಕೆಲಸ ಇಲಾಖೆಯವರದು. ಮೀಸಲು ಅರಣ್ಯದಲ್ಲಿ ಬೇರೆಯವರು ಬೆಂಕಿ ಹಚ್ಚಿದರೆ 1927ರ ಭಾರತೀಯ ಅರಣ್ಯ ಕಾಯ್ದೆಯಡಿ ಅಪರಾಧ.

ಒಮ್ಮೆ ಕೊಯ್ದು ಸುಮ್ಮನಾದರೆ ಶ್ರಮವೆಲ್ಲ ನೀರಿನಲ್ಲಿ ಮಾಡಿದ ಹೋಮ. ಫೆಬ್ರವರಿಯಿಂದ ಎಲೆ ಉದುರುತ್ತದೆ. ಮಳೆ ಬರುವವರೆಗೂ ಹದಿನೈದು ದಿನಕ್ಕೊಮ್ಮೆ ಕಡ್ಡಿಪೊರಕೆಯಿಂದ ತರಗು ಗುಡಿಸಬೇಕು. ಒಣ ಸಗಣಿ, ಟೊಳ್ಳು ಕೊರಡು, ಸತ್ತ ಬೇರು ಕಂಡರೆ ತೆಗೆದುಹಾಕಿ. ಜ್ವಾಲೆಯಿಲ್ಲದೆ ಇವು ರಾತ್ರಿಯೆಲ್ಲ ಒಳಗೊಳಗೇ ಹೊಗೆಯಾಡುತ್ತ ಬೆಂಕಿಯನ್ನು ಆಚೆ ದಾಟಿಸುತ್ತವೆ. ರೇಖೆ ಇದ್ದೂ ಗುಡ್ಡ ಸುಟ್ಟಿತು ಎಂಬ ದೂರಿನ ಹಿಂದೆ ಇಂಥ ಒಂದು ಸಗಣಿ ಹೆಂಟೆ ಇರಬಹುದು.

ಬೇಸಿಗೆಯಲ್ಲಿ ‘ರಾಬ’ದ ಕಡೆ ಕಣ್ಣಿರಲಿ. ಭತ್ತ, ನಾಚಣಿಯ (ರಾಗಿ) ಸಸಿಮಡಿಯ ಮೇಲೆ ಸಗಣಿ, ಸೊಪ್ಪು, ಹುಲ್ಲು ಹರಡಿ ಸುಡುವ ಪದ್ಧತಿ ಇದು. ರೈತರನ್ನು ದೂರಿ ಪ್ರಯೋಜನವಿಲ್ಲ. ಮಡಿಯ ಸುತ್ತ 3 ಮೀಟರ್ ಕೆರೆದು, ಗಾಳಿ ಏಳುವ ಮೊದಲು ಬೆಳಗಿನ ಜಾವ ಹಚ್ಚಿ, ಎರಡು ಕೊಡ ನೀರು ಪಕ್ಕದಲ್ಲಿಟ್ಟು, ಬೂದಿ ಆರುವವರೆಗೆ ಒಬ್ಬರು ಅಲ್ಲೇ ಇರಲಿ. ಹಚ್ಚುವ ದಿನವನ್ನು ಹಿಂದಿನ ಸಂಜೆಯೇ ಕಾವಲಿನವರಿಗೆ ತಿಳಿಸುವ ಕಟ್ಟಳೆ ಊರಲ್ಲಿ ಬರಲಿ.

ಹೊಗೆ ಕಂಡೊಡನೆ ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಭಾರತೀಯ ಅರಣ್ಯ ಸರ್ವೇಕ್ಷಣೆ ಉಪಗ್ರಹ ಆಧರಿಸಿ ಬೆಂಕಿಯ ಎಚ್ಚರಿಕೆಯನ್ನು ಎಸ್ಸೆಮ್ಮೆಸ್ಸಿನಲ್ಲಿ ಉಚಿತವಾಗಿ ಕಳಿಸುತ್ತದೆ, ಹೆಸರು ನೋಂದಾಯಿಸಿ. ಆದರೆ ಉಪಗ್ರಹ ದಿನಕ್ಕೆ ಕೆಲವೇ ಸಲ ಹಾದುಹೋಗುವುದರಿಂದ ನೆತ್ತಿಯ ಮೇಲೊಬ್ಬ ಕಾವಲುಗಾರ ಬೇಕೇ ಬೇಕು.

ಆರಿಸಲು ಹೋಗುವವರು ಐದಾರು ಜನರ ಗುಂಪಾಗಿ ಹೋಗಿ. ತುಂಬುತೋಳಿನ ಹತ್ತಿ ಬಟ್ಟೆ, ಚರ್ಮದ ಬೂಟು ಹಾಕಿ. ನೈಲಾನ್ ಕರಗಿ ಮೈಗೆ ಅಂಟುತ್ತದೆ. ಬೆಂಕಿ ಏರಿನತ್ತ ಓಡುತ್ತದೆ: ಇಳಿಜಾರು 10 ಡಿಗ್ರಿ ಹೆಚ್ಚಿದರೆ ಅದರ ವೇಗ ಸುಮಾರು ಇಮ್ಮಡಿ. ಹಾಗಾಗಿ ಅದರ ಮೇಲ್ಗಡೆಯಾಗಲಿ ಕಡಿದಾದ ಹಳ್ಳದ ಬಾಯಲ್ಲಾಗಲಿ ನಿಲ್ಲಲೇಬೇಡಿ. ಸುಟ್ಟ ನೆಲದ ಮೇಲೆ ನಿಂತು ಹಿಂದಿನಿಂದ, ಪಕ್ಕದಿಂದ ಆರಿಸುತ್ತ ಬನ್ನಿ; ಓಡಬೇಕಾಗಿ ಬಂದರೂ ಅದೇ ಸುರಕ್ಷಿತ ಜಾಗ. ಐದಾರಡಿಯ ಹಸಿ ಸೊಪ್ಪಿನ ಕೊಂಬೆಯನ್ನು ಜ್ವಾಲೆಯ ಮೇಲೆ ಒತ್ತಿ ಸುಟ್ಟ ಕಡೆಗೆ ಎಳೆಯಿರಿ. ಎತ್ತಿ ಎತ್ತಿ ಬಡಿದರೆ ಕಿಡಿ ಹಾರಿ ಹೊಸ ಜಾಗಕ್ಕೆ ಹತ್ತುತ್ತದೆ. ಬೆನ್ನಿಗೆ ಕಟ್ಟುವ 16 ಲೀಟರಿನ ಸ್ಪ್ರೇ ಪಂಪು ಕೊಂಬೆಯವರ ಹಿಂದೆ ಬರಲಿ; ಅಷ್ಟು ನೀರು ಕೆಂಡ ಆರಿಸಲು ಸಾಕು, ದೊಡ್ಡ ಉರಿಗೆ ಸಾಲದು. ಜ್ವಾಲೆ ಸೊಂಟದೆತ್ತರ ಮೀರಿದರೆ ಹಿಂದೆ ಸರಿದು ರೇಖೆಯ ಬಳಿ ಕಾಯಿರಿ. ಆರಿದ ಮೇಲೆ ಅಂಚಿನಿಂದ 10 ಮೀಟರ್ ಒಳಗಿನವರೆಗೂ ಕೊರಡುಗಳ ಹತ್ತಿರ ಅಂಗೈ ಹಿಂಬದಿ ಹಿಡಿದು ಬಿಸಿ ನೋಡಿ. ಮರುದಿನ ನಡುಮಧ್ಯಾಹ್ನ, ಗಾಳಿ ಎದ್ದಾಗ, ಇನ್ನೊಂದು ಸುತ್ತು ಹಾಕಿ.

ಬೆಂಕಿಯಿಲ್ಲದೆ ಒಂದು ವರ್ಷ ಕಳೆದ ಗುಡ್ಡದಲ್ಲಿ ಮುತ್ತುಗ, ದಿಂಡಿಗ, ನೇರಳೆಯ ಬುಡಗಳಿಂದ ಗೊಂಚಲು ಚಿಗುರು ಏಳುತ್ತವೆ. ಚಳಿಗಾಲದಲ್ಲಿ ಒಂದೊಂದು ಬುಡಕ್ಕೆ ನೆಟ್ಟಗಿನ ಎರಡು ಚಿಗುರು ಉಳಿಸಿ ಮಿಕ್ಕಿದ್ದನ್ನು ಸವರಿ. ಲಂಟಾನ ಎಂಬ ಕಳೆಪೊದೆಯನ್ನು ನೆಲದ ಮೇಲೆ ಕಡಿದರೆ ದಟ್ಟವಾಗಿ ಮರಳುತ್ತದೆ. ಬುಡದ ಮಣ್ಣು ಸರಿಸಿ ತಾಯಿಬೇರನ್ನು 3–5 ಸೆಂ.ಮೀ. ಆಳದಲ್ಲಿ ತುಂಡರಿಸಿ ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡಿ. ಸಸಿ ನೆಡುವುದು ಬುಡವೂ ಬೀಜವೂ ಇಲ್ಲದ ಜಾಗದಲ್ಲಿ ಮಾತ್ರ, ಮಣ್ಣು ಚೆನ್ನಾಗಿ ನೆನೆದ ಮೇಲೆ, 45 ಸೆಂ.ಮೀ. ಗುಂಡಿಯಲ್ಲಿ. ಮಳೆಗಾಲದಲ್ಲಿ ಹೂ ಹಾಸುವ ಬಂಡೆಬಯಲನ್ನು, ಅಂದರೆ ಇಲ್ಲಿಯವರು ಸಡಾ ಎನ್ನುವ ಜಾಗವನ್ನು, ಹಾಗೆಯೇ ಬಿಡಿ: ಅಲ್ಲಿ ಗುಂಡಿಯೂ ಬೇಡ, ಸಸಿಯೂ ಬೇಡ.