ಸುಡು ಬಿಸಿಲಲ್ಲಿ ಹಿತ್ತಲ ಹಾಪ್ಸ್ ಬಳ್ಳಿ ಬೆಳೆಸೋದು, ನೀರು ಹಾಕೋದು ಹೇಗೆ

ನಾವಿರೋದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ, ಇಲ್ಲಿ ಜೂನ್ ಬಂತು ಅಂದ್ರೆ ಸೆಪ್ಟೆಂಬರ್‌ವರೆಗೂ ಮಳೆ ಇಲ್ಲ ಅಂತಾನೇ ಲೆಕ್ಕ, ಬಿಸಿಲು ಏರಿದ ವಾರ 40 ಡಿಗ್ರಿ ದಾಟುತ್ತೆ. ಇಂಥ ಕಡೆ ಬಿಯರ್‌ಗೆ ಹಾಕೋ ಹಾಪ್ಸ್ ಬರುತ್ತಾ ಅಂತ ಕೇಳೋರಿಗೆ ನಾನು ಹೇಳೋದು, ಧಾರಾಳವಾಗಿ ಬರುತ್ತೆ. ಅಮೆರಿಕದ ಹಾಪ್ಸ್‌ನಲ್ಲಿ ಮುಕ್ಕಾಲು ಪಾಲು ಬೆಳೆಯೋ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಲಿ ವರ್ಷದ ಮಳೆ 200 ಮಿಲಿಮೀಟರ್ ಆಸುಪಾಸು ಅಷ್ಟೇ, ಅಲ್ಲಿ ಎಲ್ಲಾ ನೀರಾವರಿ ಮೇಲೇ ನಡೆಯೋದು. ಬಿಸಿಲು ಈ ಬಳ್ಳಿನ ಕೊಲ್ಲಲ್ಲ, ನೀರು ಹಾಕೋ ರೀತಿ ತಪ್ಪಿದ್ರೆ ಕೊಲ್ಲುತ್ತೆ.

ಮೊದಲು ತಳಿ. ಕ್ಯಾಸ್ಕೇಡ್, ಚಿನೂಕ್, ನಗೆಟ್ ಇವು ಬಿಸಿಲು ತಡೀತವೆ. ಸಾಜ್, ಹಲ್ಲರ್ಟೌ ಥರದ ಯುರೋಪಿನ ತಳಿಗಳು ತಣ್ಣನೆ ಊರಿಂದ ಬಂದಿರೋವು, ಇಲ್ಲಿ ಸೊರಗಿ ಹೋಗ್ತವೆ, ಆಸೆ ಪಡಬೇಡಿ. ಹಾಪ್ಸ್‌ನಲ್ಲಿ ಗಂಡು ಬಳ್ಳಿ ಹೆಣ್ಣು ಬಳ್ಳಿ ಬೇರೆ ಬೇರೆ, ಬಿಯರ್‌ಗೆ ಹಾಕೋ ಕೋನ್, ಅಂದ್ರೆ ಹಾಪ್ಸ್‌ನ ಹೂಗೊಂಚಲು, ಬಿಡೋದು ಹೆಣ್ಣು, ಅದಕ್ಕೇ ಬೀಜ ಬಿತ್ತೋ ಬದಲು ಮಾರ್ಚ್-ಏಪ್ರಿಲ್‌ನಲ್ಲಿ ಸಿಗೋ ಹೆಣ್ಣು ಬಳ್ಳಿ ಬೇರಿನ ತುಂಡು ತಂದು ನೆಡಿ. ನಮ್ಮದು ಜೇಡಿಮಣ್ಣು, ಹಂಗಾಗಿ ಕಾಂಪೋಸ್ಟ್ ಬೆರೆಸಿ ನೆಲಕ್ಕಿಂತ ಒಂದಡಿ ಎತ್ತರ ದಿಬ್ಬ ಮಾಡಿ ನೆಟ್ಟೆ. ಬೆಳಗಿನ ಬಿಸಿಲು ಪೂರ್ತಿ ಬಿದ್ದು ಮಧ್ಯಾಹ್ನ ಮೂರರ ಮೇಲೆ ಸ್ವಲ್ಪ ನೆರಳು ಸಿಗೋ ಗೋಡೆ ಪಕ್ಕ ಇದ್ರೆ ಇನ್ನೂ ಒಳ್ಳೇದು.

ಹಗ್ಗಕ್ಕೆ ತೆಂಗಿನ ನಾರಿಂದೇ ಬೆಸ್ಟ್, ಇಲ್ಲಿನ ದೊಡ್ಡ ತೋಟಗಳಲ್ಲೂ ಅದನ್ನೇ ಕಟ್ತಾರೆ, ನುಣ್ಣಗಿರೋ ನೈಲಾನ್‌ಗಿಂತ ಅದರಲ್ಲಿ ಕುಡಿಗೆ ಹಿಡಿತ ಚೆನ್ನಾಗಿ ಸಿಗುತ್ತೆ. ಕುಡಿ ಎರಡಡಿ ಆದಾಗ ಗಟ್ಟಿಯಾಗಿರೋ ಎರಡು-ಮೂರನ್ನ ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೇ ಸುತ್ತಿ ಹಬ್ಬಿಸಿ, ಉಲ್ಟಾ ಸುತ್ತಿದ್ರೆ ಬಿಚ್ಕೊಂಡು ಬೀಳುತ್ತೆ. ತುಂಬು ಬಳ್ಳಿ 20 ಅಡಿ ಮೇಲೆ ಹೋಗುತ್ತೆ. ದಂಟಿನ ಮೇಲೆ ಕೊಕ್ಕೆ ಥರ ಸಣ್ಣ ಮುಳ್ಳುಗೂದಲು ಇರ್ತವೆ, ತುಂಬುತೋಳಿನ ಅಂಗಿ ಹಾಕ್ಕೊಳ್ದೇ ಕೈ ಹಾಕಿದ್ರೆ ಗೀರು, ತುರಿಕೆ.

ಈಗ ನೀರು. ಮೊದಲನೇ ವರ್ಷ ಮಧ್ಯಾಹ್ನ ಎಲೆ ಜೋಲು ಬಿದ್ದಿದ್ದು ನೋಡಿದಾಗೆಲ್ಲ ನನಗೆ ಸಂಕಟ ಆಗಿ ದಿನಾ ಸಂಜೆ ಪೈಪ್ ಹಿಡಿದು ಎಲೆ ಬುಡ ಎಲ್ಲಾ ತೋಯಿಸ್ತಿದ್ದೆ, ಒಂದು ಬಳ್ಳಿ ಬುಡ ಕೊಳೆತು ಸತ್ತೇ ಹೋಯ್ತು, ಇನ್ನೊಂದಕ್ಕೆ ಬೂದಿರೋಗ ಬಂತು. ಆಮೇಲೆ ಗೊತ್ತಾಗಿದ್ದು, ಮಧ್ಯಾಹ್ನ ಬಾಡೋದು ಬಾಯಾರಿಕೆ ಆಗಿರಲೇಬೇಕು ಅಂತಿಲ್ಲ, ಬೇರು ಎಳೆಯೋದಕ್ಕಿಂತ ಜೋರಾಗಿ ಎಲೆಯಿಂದ ನೀರು ಆರ್ತಿರುತ್ತೆ ಅಷ್ಟೇ. ಸಂಜೆ ಇಲ್ಲಿನ ನದಿ ಡೆಲ್ಟಾ ಕಡೆಯಿಂದ ತಂಪು ಗಾಳಿ ಬೀಸಿದ ಮೇಲೆ ಎಲೆ ತಾನೇ ನೆಟ್ಟಗಾದ್ರೆ ಏನೂ ಮಾಡಬೇಡಿ. ಬೆಳಗ್ಗೆ ಆರಕ್ಕೆ ಎದ್ದು ನೋಡಿದಾಗಲೂ ಬಾಡಿದ್ರೆ ಆಗ ನಿಜವಾಗ್ಲೂ ತೊಂದರೆ. ಅನುಮಾನ ಇದ್ರೆ ಬುಡದಿಂದ ಒಂದಡಿ ದೂರದಲ್ಲಿ ತೋರುಬೆರಳು ಪೂರ್ತಿ ಮಣ್ಣಿಗೆ ಇಳಿಸಿ, ತುದಿಗೆ ತಣ್ಣಗೆ ತಾಗಿ ಮಣ್ಣು ಅಂಟ್ಕೊಂಡ್ರೆ ನೀರು ಬೇಡ, ಪುಡಿಪುಡಿಯಾಗಿ ಉದುರಿದ್ರೆ ಅವತ್ತೇ ಹಾಕಿ.

ನಾನೀಗ ಮಾಡೋದು ಹೀಗೆ: ದೊಡ್ಡ ಬಳ್ಳಿಗೆ ಗಂಟೆಗೆ 4 ಲೀಟರ್ ಬಿಡೋ ನಾಲ್ಕು ಡ್ರಿಪ್ಪರ್, ಬುಡಕ್ಕೆ ತಾಗದ ಹಾಗೆ ಒಂದಡಿ ದೂರದಲ್ಲಿ ಸುತ್ತ ಇಟ್ಟು, ಬೆಳಗಿನ ಜಾವ ಒಂದು ಗಂಟೆ, ಅಂದ್ರೆ 16 ಲೀಟರ್, ಜುಲೈನಲ್ಲಿ ವಾರಕ್ಕೆ ಮೂರು ಸಲ, 40 ದಾಟಿದ ವಾರ ನಾಲ್ಕು ಸಲ. ಹೊಸ ಗಿಡಕ್ಕೆ ಬೇರು ಮೇಲೇ ಇರುತ್ತೆ, ಅದಕ್ಕೆ 4-5 ಲೀಟರ್ ದಿನ ಬಿಟ್ಟು ದಿನ. ಕುಂಡದಲ್ಲಿದ್ರೆ ದಿನಾ ಬೇಕು, ಆದ್ರೆ ಈ ಬಿಸಿಲಲ್ಲಿ ಕುಂಡ ಕಾದು ಬೇರು ಬೇಯುತ್ತೆ, ನೆಲಾನೇ ವಾಸಿ. ಬುಡದ ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು ಮೂರು-ನಾಲ್ಕು ಇಂಚು ಒಣಹುಲ್ಲು ಹೊದಿಸಿ, ಇದೊಂದು ಮಾಡಿದ್ರೆ ನೀರು ಎಷ್ಟೋ ಉಳಿಯುತ್ತೆ.

ಒಣ ಹವೆಲಿ ಕಾಟ ಕೊಡೋದು ನುಸಿ. ಎಲೆ ಮೇಲೆ ಸೂಜಿ ಚುಚ್ಚಿದ ಹಾಗೆ ಹಳದಿ ಚುಕ್ಕೆ ಕಂಡ್ರೆ ಬಿಳಿ ಹಾಳೆ ಹಿಡಿದು ಎಲೆ ತಟ್ಟಿ ನೋಡಿ, ಬಿದ್ದ ಧೂಳು ಓಡಾಡ್ತಿದ್ರೆ ಅದೇ ನುಸಿ. ಆಗ ಮಾತ್ರ ಬೆಳಗ್ಗೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೀರಿ, ಮಧ್ಯಾಹ್ನದೊಳಗೆ ಒಣಗಿಬಿಡುತ್ತೆ. ಕೆಳಗಿನ ಮೂರಡಿ ಎಲೆ ಕಿತ್ತು ಹಾಕಿದ್ರೆ ಗಾಳಿನೂ ಆಡುತ್ತೆ, ನುಸಿ ಮೇಲೆ ಹತ್ತೋದೂ ಕಮ್ಮಿ ಆಗುತ್ತೆ. ಸಾರಜನಕದ ಗೊಬ್ಬರ ಹೂ ಕಾಣೋ ತನಕ ಮಾತ್ರ.

ಆಗಸ್ಟ್‌ನಲ್ಲಿ ಕೋನ್ ಒಂದನ್ನ ಕಿತ್ತು ಹಿಚುಕಿ ನೋಡಿ, ಕಾಗದದ ಹಾಗೆ ಚರಚರ ಅಂದು, ಹೆಬ್ಬೆರಳಲ್ಲಿ ಸೀಳಿದಾಗ ಒಳಗೆ ಅರಿಶಿನದಂಥ ಗಟ್ಟಿ ಹಳದಿ ಪುಡಿ ಅಂಟಿ ಘಮ್ ಅಂದ್ರೆ ಕೊಯ್ಲಿಗೆ ಬಂತು. ಅಲ್ಲಿಯವರೆಗೂ ನೀರು ತಪ್ಪಿಸಬೇಡಿ. ಮನೇಲಿ ನಾಯಿ ಇದ್ರೆ ಉದುರಿದ ಕೋನ್ ಒಂದೂ ಬಿಡದೆ ಆರಿಸಿ, ನಾಯಿಗೆ ಹಾಪ್ಸ್ ವಿಷ, ಜ್ವರ ಏರಿ ಜೀವಕ್ಕೇ ಬರುತ್ತೆ, ಬಿಯರ್ ಕುದಿಸಿ ಎಸೆದ ಚರಟಕ್ಕೂ ಇದೇ ಮಾತು. ಕೊಯ್ದಾದ ಮೇಲೂ ಬಳ್ಳಿನ ಕೂಡಲೇ ಕತ್ತರಿಸಬೇಡಿ, ಎಲೆ ತಾನಾಗಿ ಕಂದು ಆಗೋವರೆಗೂ ವಾರಕ್ಕೊಂದು ಸಲ ನೀರು ಕೊಡ್ತಿರಿ, ಮುಂದಿನ ಮಾರ್ಚ್‌ಗೆ ಚಿಗುರೋಕೆ ಬೇಕಾದ ಆಹಾರನ ಬೇರು ಆಗಲೇ ತುಂಬಿಸ್ಕೊಳ್ತಿರುತ್ತೆ.